ಎಡಬಲಗಳ ವಿವೇಕ

ಕತ್ತಲೆಯಲ್ಲಿ ಜೋಡುಗಳನ್ನು ಮೆಟ್ಟಲು ಹೋದವರಿಗೆಲ್ಲ ಒಂದು ಸಂಗತಿಯು ಅನುಭವಸಿದ್ಧವಾಗಿರುವುದು. ಎರಡರ ತೂಕವೂ ಒಂದೇ, ತೊಗಲೂ ಒಂದೇ, ಅಳತೆಯೂ ಒಂದೇ. ಆದರೂ ಎಡಗಾಲಿನದರಲ್ಲಿ ಬಲಗಾಲನ್ನಿಟ್ಟೊಡನೆ ಕಾಲು ಅದನ್ನು ಒಲ್ಲದು. ತಕ್ಕಡಿಗೆ ತಿಳಿಯದ ಭೇದವು ಕಾಲಿಗೆ ತಿಳಿಯುವುದು. ಏಕೆಂದರೆ ಕಾಲಿಗೂ ಎಡಬಲಗಳುಂಟು.

ಅನೇಕ ಔಷಧಗಳ ಅಣುಗಳೂ ಇಂತಹ ಜೋಡಿಗಳೇ. ಒಂದು ರೂಪವು ಮತ್ತೊಂದರ ಕನ್ನಡಿಯ ಪ್ರತಿಬಿಂಬ. ತೂಕದಲ್ಲಾಗಲಿ, ಕರಗುವ ಉಷ್ಣತೆಯಲ್ಲಾಗಲಿ ಎಳ್ಳಷ್ಟೂ ಭೇದವಿಲ್ಲ. ಆದರೆ ನಮ್ಮ ಶರೀರವು ಎಡಬಲಗಳನ್ನು ಬಲ್ಲ ದ್ರವ್ಯಗಳಿಂದ ಆದುದು. ಕಾರ್ವೋನ್ ಎಂಬ ವಸ್ತುವಿನ ಒಂದು ರೂಪವು ಸಬ್ಬಸಿಗೆ ಬೀಜದ ಪರಿಮಳವನ್ನೂ, ಅದರ ಪ್ರತಿಬಿಂಬವು ಒಂದು ಜಾತಿಯ ಪುದೀನದ ಪರಿಮಳವನ್ನೂ ಕೊಡುವುವು.

ಮೂಗಿಗೆ ವಿನೋದವಾದ ಈ ಭೇದವು ಔಷಧದಲ್ಲಿ ಪ್ರಾಣಸಂಕಟವಾಗಬಹುದು. ಥಾಲಿಡೋಮೈಡ್ ಎಂಬ ನಿದ್ರೌಷಧವು 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂದಿತು. ಎರಡು ರೂಪಗಳೂ ಅದರಲ್ಲಿ ಸಮವಾಗಿ ಬೆರೆತಿದ್ದುವು. ಗರ್ಭಿಣಿಯರು ವಾಕರಿಕೆಯ ಶಮನಕ್ಕಾಗಿ ಅದನ್ನು ಸೇವಿಸಿದರು. ನಾನಾ ದೇಶಗಳಲ್ಲಿ 10,000ಕ್ಕೂ ಹೆಚ್ಚು ಶಿಶುಗಳು ಅಂಗವೈಕಲ್ಯದೊಡನೆ ಜನಿಸಿದುವು. 1961ರಲ್ಲಿ ಜರ್ಮನಿಯಲ್ಲಿ ಅದನ್ನು ಹಿಂತೆಗೆದುಕೊಂಡರು.

ಇಂತಹ ಜೋಡಿಯನ್ನು ಬೇರ್ಪಡಿಸುವ ಬಗೆ ಹೇಗೆ? 1848ರಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರನು ಒಂದು ಲವಣದ ಎಡ ಬಲ ಹರಳುಗಳನ್ನು, ಅಕ್ಕಿಯಲ್ಲಿ ಕಲ್ಲನ್ನು ಆರಿಸುವಂತೆ, ಒಂದೊಂದಾಗಿ ಆರಿಸಿದನು. ಆದರೆ ಎಲ್ಲ ವಸ್ತುಗಳೂ ಹಾಗೆ ಕಣ್ಣಿಗೆ ಗುರುತಾಗುವ ಹರಳುಗಳಾಗವು. ಆದುದರಿಂದ ಈಗ ದ್ರವ ಕ್ರೊಮ್ಯಾಟೋಗ್ರಫಿಯನ್ನು ಆಶ್ರಯಿಸುವರು. ಸುಮಾರು ಗೇಣುದ್ದದ ಉಕ್ಕಿನ ಕೊಳವೆಯಲ್ಲಿ ಸಿಲಿಕದ ನುಣ್ಣನೆಯ ಪುಡಿಯನ್ನು ತುಂಬಿರುವರು. ಹತ್ತಿಯ ನೂಲಿನ ಸಾರವಾದ ಸೆಲ್ಯುಲೋಸನ್ನು ಮಾರ್ಪಡಿಸಿ ಆ ಪುಡಿಗೆ ಲೇಪಿಸುವುದುಂಟು. ಗಿಡಗಳು ಸೆಲ್ಯುಲೋಸನ್ನು ಒಂದೇ ಕೈಯ ರೂಪದಲ್ಲಿ ನಿರ್ಮಿಸುವುವಾದುದರಿಂದ, ಇಲ್ಲಿ ಅದೇ ಜೋಡನ್ನು ಪರೀಕ್ಷಿಸುವ ಕಾಲು. ಔಷಧವನ್ನು ದ್ರವದಲ್ಲಿ ಕರಗಿಸಿ ಪಂಪಿನಿಂದ ಒಳಗೆ ನೂಕಿದರೆ, ಲೇಪಕ್ಕೆ ಚೆನ್ನಾಗಿ ಹೊಂದುವ ರೂಪವು ಅಂಟಿ ಅಂಟಿ ತಡವಾಗಿ ಬರುವುದು. ಹೊಂದದ ರೂಪವು ಮೊದಲೇ ಹೊರಬೀಳುವುದು. ಕೊನೆಯಲ್ಲಿರುವ ಯಂತ್ರವು ಎರಡು ಶಿಖರಗಳನ್ನು ಬರೆಯುವುದು.

ಹಾಗಾದರೆ ಥಾಲಿಡೋಮೈಡನ್ನೂ ಹೀಗೆ ಬೇರ್ಪಡಿಸಿದ್ದರೆ ಆ ಮಕ್ಕಳು ಉಳಿಯುತ್ತಿದ್ದರೆ? ಎಡರೂಪವೇ ದೋಷಕಾರಿಯೆಂದು 1979ರ ಪ್ರಾಣಿಪರೀಕ್ಷೆಯು ಸೂಚಿಸಿತು. ಆದರೆ ಶುದ್ಧವಾದ ಬಲರೂಪವನ್ನು ಕೊಟ್ಟರೂ ಕೆಲವು ಗಂಟೆಗಳಲ್ಲಿ ಶರೀರದೊಳಗೆ ಅದರ ಒಂದಂಶವು ಎಡವಾಗಿ ತಿರುಗುವುದು. ರಕ್ತವನ್ನು ಪರೀಕ್ಷಿಸಿ ಈ ರಹಸ್ಯವನ್ನು ಬಯಲುಮಾಡಿದುದೂ ಇಂತಹ ಕೊಳವೆಯೇ. ರೂಪಗಳು ಶರೀರದಲ್ಲಿ ಹೀಗೆ ಹೊರಳುವುವೋ ಎಂಬುದನ್ನೂ ಔಷಧ ತಯಾರಕರು ಪರಿಶೀಲಿಸಬೇಕೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 1992ರಲ್ಲಿ ತಿಳಿಸಿತು.

ಸಂಸ್ಕೃತದಲ್ಲಿ ವಿವೇಕವೆಂದರೆ ಮೊದಲು ಬೇರ್ಪಡಿಸುವಿಕೆ, ಬಳಿಕ ತಿಳಿವು. ಮೊದಲನೆಯದನ್ನು ಕೊಳವೆಯು ಮಾಡಿಕೊಡುವುದು. ಎರಡನೆಯದನ್ನು ಮನುಷ್ಯನೇ ಮಾಡಬೇಕು.