ಅಳತೆ ತಪ್ಪಿದರೆ ಹಲ್ಲು ನಿಲ್ಲದು

ದಾಸೋಹದ ಪಂಕ್ತಿಯಲ್ಲಿ ಹಿರಿಯರು ಖಡಕ್ ರೊಟ್ಟಿಯನ್ನು ಸಾರಿನಲ್ಲಿ ನೆನೆಯಿಟ್ಟು, ಅದು ಮೆತ್ತಗಾಗುವವರೆಗೆ ಕಾಯುವುದನ್ನು ನಾವೆಲ್ಲ ಕಂಡಿದ್ದೇವೆ. ಹಲ್ಲು ಹೋದವರಿಗೆ ಊಟವೂ ಒಂದು ಪರೀಕ್ಷೆಯೇ. ದವಡೆಯ ಎಲುಬಿನಲ್ಲಿ ಟೈಟೇನಿಯಂ ತಿರುಪನ್ನು ಕೂರಿಸಿ, ಅದರ ಮೇಲೆ ಹಲ್ಲು ಕಟ್ಟುವ ಇಂಪ್ಲಾಂಟ್ ಚಿಕಿತ್ಸೆ ಈಗ ನಮ್ಮ ಭಾಗದವರಿಗೂ ಪರಿಚಿತವಾಗುತ್ತಿದೆ. ಇದರ ಬಗ್ಗೆ ವಿಚಾರಿಸುವ ಭಕ್ತರು ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ: ಖರ್ಚು ಎಷ್ಟು, ಎಷ್ಟು ದಿನದಲ್ಲಿ ಮುಗಿಯುತ್ತದೆ? ಇವೆರಡಕ್ಕಿಂತ ಮುಖ್ಯವಾದ ಮೂರನೆಯ ಪ್ರಶ್ನೆಯೊಂದಿದೆ: ಅಳತೆಯನ್ನು ಹೇಗೆ ತೆಗೆಯುತ್ತೀರಿ?

ಟೈಟೇನಿಯಂ ಲೋಹವು ಜೀವಂತ ಎಲುಬಿನೊಡನೆ ಬೆಸೆದುಕೊಳ್ಳುವುದನ್ನು ಸ್ವೀಡನ್ನಿನ ಬ್ರಾನೆಮಾರ್ಕ್ ಅವರು 1952ರಲ್ಲಿ ಗಮನಿಸಿದರು. 1965ರಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರ ದವಡೆಗೆ ಇಂಪ್ಲಾಂಟ್ ಅಳವಡಿಸಿದರು. ಆ ಬೆಸುಗೆಯೇ ಈ ಚಿಕಿತ್ಸೆಯ ಬಲ. ಅದರ ಕಟ್ಟುನಿಟ್ಟಿಗೂ ಅದೇ ಕಾರಣ. ಸಹಜ ಹಲ್ಲಿನ ಬೇರಿನ ಸುತ್ತ ಮೃದುವಾದ ತಂತುಪದರವಿರುತ್ತದೆ. ಅಗಿಯುವಾಗ ಹಲ್ಲು ಕೂದಲೆಳೆಯಷ್ಟು ಸರಿದು ಒತ್ತಡವನ್ನು ತಾಳಿಕೊಳ್ಳುತ್ತದೆ. ಎಲುಬಿಗೆ ಬೆಸೆದ ಇಂಪ್ಲಾಂಟಿಗೆ ಆ ಅನುಕೂಲವಿಲ್ಲ. ಮೇಲಿನ ಹಲ್ಲುಸಾಲು ಸರಿಯಾಗಿ ಕೂರದಿದ್ದರೆ ಒತ್ತಡವೆಲ್ಲ ತಿರುಪಿನ ಮೇಲೆ ಬೀಳುತ್ತದೆ. ಮೊದಲ ದಿನ ಏನೂ ತಿಳಿಯದು. ಕಾಲಕ್ರಮದಲ್ಲಿ ತಿರುಪು ಸಡಿಲಾಗಬಹುದು, ಹಲ್ಲು ಸೀಳಬಹುದು, ತಿರುಪೇ ಮುರಿಯಬಹುದು.

ಮಹಾಲಿಂಗಪುರದ ಬೆಲ್ಲದ ಪೇಟೆಯನ್ನು ಕಂಡವರಿಗೆ ಅಚ್ಚಿನ ಮಹತ್ವವನ್ನು ಹೇಳಬೇಕಾಗಿಲ್ಲ. ಅಚ್ಚು ಸೊಟ್ಟಗಿದ್ದರೆ ಬೆಲ್ಲದ ಆಕಾರ ಕೆಡುತ್ತದೆ, ಸಿಹಿ ಕೆಡುವುದಿಲ್ಲ. ಬಾಯಿಯ ಅಚ್ಚು ಹಾಗಲ್ಲ. ಅದರ ಮೇಲೆಯೇ ಪ್ರಯೋಗಾಲಯದಲ್ಲಿ ಹಲ್ಲು ತಯಾರಾಗುವುದರಿಂದ, ಅಲ್ಲಿಯ ತಪ್ಪು ಕೊನೆಯವರೆಗೂ ಬೆನ್ನಟ್ಟಿ ಬರುತ್ತದೆ.

ಅಚ್ಚಿನ ಸಾಮಗ್ರಿಗಳೂ ಹಲವು. ಕಡಲಪಾಚಿಯಿಂದ ತಯಾರಾಗುವ ಆಲ್ಜಿನೇಟ್ ಅಗ್ಗದ್ದು. ಆದರೆ ಗಾಳಿಗಿಟ್ಟರೆ ಅದರ ನೀರು ಆರಿ ಕುಗ್ಗುತ್ತದೆ. ಪ್ರಾಥಮಿಕ ಅಚ್ಚಿಗೆ ಅದು ಸಾಕು, ಇಂಪ್ಲಾಂಟಿನ ಅಂತಿಮ ಅಳತೆಗೆ ಸಲ್ಲದು. ಅದಕ್ಕೆ ಪಾಲಿಈಥರ್ ಅಥವಾ ಅಡಿಷನ್ ಸಿಲಿಕೋನ್ ಬೇಕು. ಪಾಲಿಈಥರ್ ಗಟ್ಟಿ, ಒಳಗಿನ ಗೂಟವನ್ನು ಅಲುಗದಂತೆ ಹಿಡಿಯುತ್ತದೆ. ಸಿಲಿಕೋನ್ ಎಳೆದರೂ ಮತ್ತೆ ಮೊದಲಿನ ಆಕಾರಕ್ಕೆ ಮರಳುತ್ತದೆ. ಸರಿಯಾಗಿ ಬಳಸಿದರೆ ಎರಡೂ ಸರಿಸಮ. ಆದರೆ ಬಳಸುವ ಕೈಯಲ್ಲಿ ಎಚ್ಚರವಿರಬೇಕು. ರಬ್ಬರ್ ಕೈಚೀಲದಲ್ಲಿರುವ ಗಂಧಕದ ಸಂಪರ್ಕವಾದರೂ ಸಾಕು, ಸಿಲಿಕೋನ್ ಸರಿಯಾಗಿ ಗಟ್ಟಿಯಾಗುವುದಿಲ್ಲ.

ಸಾಮಗ್ರಿಗಿಂತ ವಿಧಾನ ದೊಡ್ಡದೆಂಬುದು ನಮ್ಮ ಅಭಿಪ್ರಾಯ. ಅಳತೆಗಾಗಿ ಇಂಪ್ಲಾಂಟಿಗೆ ಕೋಪಿಂಗ್ ಎಂಬ ಪುಟ್ಟ ಗೂಟವನ್ನು ಜೋಡಿಸುತ್ತಾರೆ. ಮುಚ್ಚಿದ ಟ್ರೇ ವಿಧಾನದಲ್ಲಿ ಗೂಟ ಬಾಯಲ್ಲೇ ಉಳಿಯುತ್ತದೆ. ಆಮೇಲೆ ಅದನ್ನು ಬಿಚ್ಚಿ ಅಚ್ಚಿನೊಳಗೆ ಮರಳಿ ಕೂರಿಸಬೇಕು. ತೆರೆದ ಟ್ರೇ ವಿಧಾನದಲ್ಲಿ ಗೂಟ ಅಚ್ಚಿನೊಡನೆಯೇ ಹೊರಬರುತ್ತದೆ. ಒಂದೆರಡು ಇಂಪ್ಲಾಂಟುಗಳಿದ್ದರೆ ಎರಡು ವಿಧಾನಗಳಿಗೂ ಹೆಚ್ಚಿನ ಅಂತರವಿಲ್ಲ. ನಾಲ್ಕು ಅಥವಾ ಅದಕ್ಕಿಂತ ಹೆಚ್ಚಿದ್ದಾಗ, ಅದರಲ್ಲೂ ಅವು ಓರೆಯಾಗಿದ್ದಾಗ, ತೆರೆದ ಟ್ರೇ ಮೇಲು. ಗೂಟಗಳನ್ನು ರಾಳದಿಂದ ಒಂದಕ್ಕೊಂದು ಬಿಗಿದರೆ ಇನ್ನೂ ಲೇಸು. ಆದರೆ ರಾಳವು ಗಟ್ಟಿಯಾಗುವಾಗ ಕುಗ್ಗುತ್ತದೆ. ಆದ್ದರಿಂದ ಅನುಭವಿ ವೈದ್ಯರು ಅದನ್ನು ನಡುವೆ ಕತ್ತರಿಸಿ, ಉಳಿದ ಸಣ್ಣ ಸಂದನ್ನು ಮಾತ್ರ ಮತ್ತೆ ಬೆಸೆಯುತ್ತಾರೆ. ಇದಕ್ಕೆ ಹೊತ್ತು ಹಿಡಿಯುತ್ತದೆ. ರೋಗಿ ಬಾಯಿ ತೆರೆದು ಕೂರಬೇಕು. ವೈದ್ಯರಿಗೂ ತಾಳ್ಮೆ ಬೇಕು.

ಈಗ ಅಚ್ಚೇ ಬೇಡ, ಸ್ಕ್ಯಾನರ್ ಸಾಕು ಎನ್ನುವವರಿದ್ದಾರೆ. ಒಂದೆರಡು ಹಲ್ಲಿಗೆ ಅದು ಒಳ್ಳೆಯ ಸಾಧನವೇ ಸರಿ. ವಾಕರಿಕೆಯ ಬಾಧೆಯೂ ಇಲ್ಲ. ಆದರೆ ಹಲ್ಲೇ ಇಲ್ಲದ ಇಡೀ ದವಡೆಯಲ್ಲಿ ಯಂತ್ರಕ್ಕೆ ಗುರುತು ಸಿಗುವುದು ಕಷ್ಟ. ಅದು ಚಿತ್ರಕ್ಕೆ ಚಿತ್ರ ಹೊಂದಿಸುತ್ತ ಸಾಗುವಾಗ ಸಣ್ಣ ತಪ್ಪುಗಳು ಕೂಡುತ್ತ ಹೋಗುವ ಸಂಭವವಿದೆ. ರಬಕವಿ-ಬನಹಟ್ಟಿಯ ನೇಕಾರರು ಇದನ್ನು ಸುಲಭವಾಗಿ ಬಲ್ಲರು: ಒಂದು ಅಂಚಿನ ಕಿಂಚಿತ್ ಓರೆ ಇನ್ನೊಂದು ತುದಿಗೆ ಹೋಗುವಷ್ಟರಲ್ಲಿ ಎದ್ದು ಕಾಣುತ್ತದೆ. ಯಂತ್ರ ಹೊಸದೆಂದ ಮಾತ್ರಕ್ಕೆ ಎಲ್ಲರ ಬಾಯಿಗೂ ಒಗ್ಗುವುದಿಲ್ಲ.

ಆದ್ದರಿಂದ ಭಕ್ತರಲ್ಲಿ ನಮ್ಮ ವಿನಂತಿ ಇಷ್ಟೆ. ದುಡಿದು ಕೂಡಿಟ್ಟ ಹಣವನ್ನು ಹಲ್ಲಿಗಾಗಿ ತೆರುವ ಮೊದಲು ವೈದ್ಯರನ್ನು ವಿನಯದಿಂದ ಕೇಳಿರಿ: ನನ್ನ ಬಾಯಿಗೆ ಯಾವ ವಿಧಾನ, ಏಕೆ? ಅಂತಿಮ ಹಲ್ಲು ಕಟ್ಟುವ ಮೊದಲು ಚೌಕಟ್ಟನ್ನು ಬಾಯಲ್ಲಿಟ್ಟು ನೋಡುವಿರಾ? ಒಂದು ತುದಿಯ ತಿರುಪನ್ನಷ್ಟೇ ಬಿಗಿದಾಗ ಇನ್ನೊಂದು ತುದಿ ಮೇಲೇಳದಿದ್ದರೆ ಅಳತೆ ಸರಿಯಿರುವ ಒಳ್ಳೆಯ ಲಕ್ಷಣ, ಎಕ್ಸ್-ರೇಯಿಂದಲೂ ಖಚಿತಪಡಿಸಿಕೊಳ್ಳಬಹುದು. ಅಳತೆಯನ್ನು ಮತ್ತೊಮ್ಮೆ ತೆಗೆಯಬೇಕೆಂದರೆ ಬೇಸರಿಸಬೇಡಿರಿ, ಅದು ವೈದ್ಯರ ಪ್ರಾಮಾಣಿಕತೆಯ ಗುರುತು. ಸಂದೇಹವಿದ್ದರೆ ಬಾಗಲಕೋಟೆಯ ಪಿ.ಎಂ. ನಾಡಗೌಡ ಸ್ಮಾರಕ ದಂತ ಮಹಾವಿದ್ಯಾಲಯದಂತಹ ಬೋಧನಾ ಆಸ್ಪತ್ರೆಯಲ್ಲಿ ಎರಡನೆಯ ಅಭಿಪ್ರಾಯ ಪಡೆಯಬಹುದು.

ವೈದ್ಯ ಬಂಧುಗಳಿಗೂ ಒಂದು ಮಾತು. ರೋಗಿಯ ಅವಸರಕ್ಕೆ ಮಣಿದು ಅಳತೆಯ ಹೊತ್ತನ್ನು ಮೊಟಕುಗೊಳಿಸಬೇಡಿರಿ. ಯಾರ ಕಣ್ಣಿಗೂ ಬೀಳದ ಎಡೆಯಲ್ಲಿ ತೋರುವ ಎಚ್ಚರವೇ ನಿಜವಾದ ಕಾಯಕ. ಅಂಥ ಕೈಯಿಂದ ಹಲ್ಲು ಪಡೆದ ಹಿರಿಯರು ಪಂಕ್ತಿಯಲ್ಲಿ ರೊಟ್ಟಿಯನ್ನು ನೆನೆಯಿಡದೆ ಮುರಿದು ತಿನ್ನುವಂತಾದರೆ, ಅದಕ್ಕಿಂತ ಸಂತಸ ನಮಗೆ ಇನ್ನೇನಿದೆ?