ಮನೆಮಾತು: ಒಡವೆ ಅಡವಿಡುವ ಮುನ್ನ

ಈ ಸಲದ ಟಪಾಲಿನಲ್ಲಿ ಹಾಸನದ ಕಡೆಯ ಸೋದರಿಯೊಬ್ಬರ ಕಾಗದ ಬಂದಿದೆ. "ನಮ್ಮ ನಾದಿನಿ ಇಲ್ಲಿನ ಆಸ್ಪತ್ರೆಯಲ್ಲಿ ಸಹಾಯಕಿ. ಇಂಗ್ಲೆಂಡಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ ಕೊಡಿಸುತ್ತೇನೆ, ಹನ್ನೆರಡು ಲಕ್ಷ ಹೊಂದಿಸಿ ಎಂದು ಏಜೆಂಟರೊಬ್ಬರು ಹೇಳುತ್ತಿದ್ದಾರೆ. ನನ್ನ ಒಡವೆ ಅಡವಿಡುವ ಮಾತು ಮನೆಯಲ್ಲಿ ನಡೆದಿದೆ. ಏನು ಮಾಡಲಿ ಅಕ್ಕಾ?"

ತಂಗೀ, ಒಡವೆ ಪೆಟ್ಟಿಗೆಯ ಬೀಗ ತೆಗೆಯಬೇಡಿ. ಆ ಕೆಲಸಕ್ಕೆ ಹೊರದೇಶದಿಂದ ಹೊಸಬರನ್ನು ಕರೆಸಿಕೊಳ್ಳುವುದನ್ನು ಬ್ರಿಟನ್ ಸರ್ಕಾರ 2025ರ ಜುಲೈ 22ರಿಂದಲೇ ನಿಲ್ಲಿಸಿದೆ. ಮುಚ್ಚಿದ ಬಾಗಿಲಿಗೆ ಹನ್ನೆರಡು ಲಕ್ಷದ ಬೀಗದ ಕೈ ಮಾರುತ್ತಿದ್ದಾರೆ, ಅಷ್ಟೇ.

ಹಾಗಾದರೆ ಅಲ್ಲಿಗೆ ಯಾರು ಹೋಗಬಹುದು? ಮಕ್ಕಳನ್ನು ಓದಿಸುತ್ತಿರುವ ತಾಯಂದಿರೆಲ್ಲ ತಿಳಿದುಕೊಳ್ಳಬೇಕಾದ ವಿಷಯ ಇದು. ಕುಶಲ ಕೆಲಸಗಾರರ ವೀಸಾಕ್ಕೆ ಬ್ರಿಟನ್ ಸರ್ಕಾರ ಸಂಬಳದ ಒಂದು ಗೆರೆ ಎಳೆದಿದೆ. ಅದಕ್ಕಿಂತ ಕಡಿಮೆ ಸಂಬಳದ ಕೆಲಸವಾದರೆ ವೀಸಾ ಇಲ್ಲ. ಹೊರಗಿನವರನ್ನು ಅಗ್ಗದ ಕೂಲಿಗೆ ತಂದು ಊರಿನವರ ಸಂಬಳ ಇಳಿಸಬಾರದು, ಬರುವವರ ಸಂಖ್ಯೆಯೂ ಕಡಿಮೆಯಾಗಬೇಕು ಎನ್ನುವುದು ಅವರ ಲೆಕ್ಕ. ಈ ಗೆರೆ ಏರಿದ ರೀತಿ ನೋಡಿ. 2023ರಲ್ಲಿ ವರ್ಷಕ್ಕೆ 26,200 ಪೌಂಡು ಇತ್ತು. 2024ರ ಏಪ್ರಿಲ್‌ನಲ್ಲಿ 38,700 ಆಯಿತು. 2025ರ ಜುಲೈನಲ್ಲಿ 41,700ಕ್ಕೆ ಹೋಯಿತು. ಜೊತೆಗೆ, ಕೆಲಸವೂ ಪದವೀಧರರ ಮಟ್ಟದ್ದಾಗಿರಬೇಕು ಎಂದರು. ಕೆಲವೇ ಕೆಲಸಗಳಿಗೆ ತಾತ್ಕಾಲಿಕ ವಿನಾಯ್ತಿ ಇಟ್ಟಿದ್ದಾರೆ.

ಇಷ್ಟೇ ಅಲ್ಲ. ಒಂದೊಂದು ಕೆಲಸಕ್ಕೂ ಬೇರೆ ಬೇರೆ ದರ ಗೊತ್ತುಮಾಡಿದ್ದಾರೆ. ಎರಡರಲ್ಲಿ ಯಾವುದು ಹೆಚ್ಚೋ ಅಷ್ಟು ಸಂಬಳ ಇರಲೇಬೇಕು. ಅದೂ ಮೂಲ ಸಂಬಳ. ಓವರ್‌ಟೈಮು, ಭತ್ಯೆ, ಬೋನಸ್ಸು ಎಲ್ಲ ಸೇರಿಸಿ ಲೆಕ್ಕ ತುಂಬಿಸುವ ಹಾಗಿಲ್ಲ. 26 ವರ್ಷದೊಳಗಿನವರಿಗೆ, ಅಲ್ಲಿಯೇ ಓದು ಮುಗಿಸಿ ಕೆಲಸ ಹಿಡಿಯುವವರಿಗೆ ಸ್ವಲ್ಪ ರಿಯಾಯಿತಿಯುಂಟು. ಜುಲೈ 2025ರ ನಿಯಮದಂತೆ ಅವರಿಗೆ 33,400 ಪೌಂಡು. ಸಾಲ ಮಾಡಿ ಮಗನನ್ನು ಎಂ.ಎಸ್ಸಿ.ಗೆ ಕಳಿಸುವವರು ಈ ಅಂಕಿಯನ್ನು ಕ್ಯಾಲೆಂಡರಿನ ಮೇಲೆ ಬರೆದಿಟ್ಟುಕೊಳ್ಳಿ. ಓದು ಮುಗಿದ ಮೇಲೆ ಅಲ್ಲೇ ನಿಲ್ಲಬೇಕಾದರೆ ಅಷ್ಟು ಕೊಡುವ ಧಣಿ ಸಿಗಬೇಕು.

ನರ್ಸ್, ಡಾಕ್ಟರುಗಳ ದಾರಿಯೇ ಬೇರೆ. ಅವರಿಗೆ ಅಲ್ಲಿನ ಸರ್ಕಾರಿ ವೇತನ ಶ್ರೇಣಿಯೇ ಆಧಾರ. 2025ರ ಏಪ್ರಿಲ್‌ನಲ್ಲಿ ಅದರ ಕನಿಷ್ಠ ಮಿತಿ 25,000 ಪೌಂಡು ಎಂದಾಯಿತು. ನಿಮ್ಮ ನಾದಿನಿ ಇನ್ನೂ ಚಿಕ್ಕವಳಾದರೆ, ಆ ಹಣದಲ್ಲಿ ಸ್ವಲ್ಪ ಭಾಗ ಖರ್ಚು ಮಾಡಿ ಇಲ್ಲಿಯೇ ನರ್ಸಿಂಗ್ ಓದಿಸಿ. ಆ ವಿದ್ಯೆ ಹಾಸನದಲ್ಲೂ ಅನ್ನ ಕೊಡುತ್ತದೆ.

ಪೌಂಡನ್ನು ರೂಪಾಯಿಗೆ ಗುಣಿಸಿ ಹಿಗ್ಗುವವರಿಗೂ ಒಂದು ಮಾತು. 41,700 ಎಂದರೆ ನಲವತ್ತು ಲಕ್ಷ ದಾಟುತ್ತದೆ, ನಿಜ. ಆದರೆ ವರಮಾನ ತೆರಿಗೆ, ರಾಷ್ಟ್ರೀಯ ವಿಮೆ ಕಳೆದು ಕೈಗೆ ಬರುವುದು ತಿಂಗಳಿಗೆ ಸುಮಾರು 2,800 ಪೌಂಡು. ಮನೆ ಬಾಡಿಗೆ, ಬಸ್ಸು, ಚಳಿಗಾಲದ ಹೀಟರು ಎಲ್ಲ ಅದರಲ್ಲೇ. ಹೊರಡುವ ಮೊದಲೇ ಆರೋಗ್ಯ ಶುಲ್ಕವೆಂದು ವರ್ಷಕ್ಕೆ 1,035 ಪೌಂಡಿನಂತೆ ವೀಸಾದ ಅಷ್ಟೂ ವರ್ಷದ್ದು ಒಟ್ಟಿಗೇ ಕಟ್ಟಬೇಕು. ನರ್ಸ್, ಡಾಕ್ಟರುಗಳಿಗೆ ಮಾತ್ರ ಇದು ಮಾಫಿ. ಕೆಲಸ ಹೋದರೆ ಬೇರೆ ಕೆಲಸ ಹುಡುಕಲು ಸಾಮಾನ್ಯವಾಗಿ 60 ದಿನ ಗಡುವು.

ನಮ್ಮ ದೇಶವೇನೂ ಕಡಿಮೆಯಿಲ್ಲ! ಇಲ್ಲಿಗೆ ನೌಕರಿಗೆ ಬರುವ ವಿದೇಶಿಯರಿಗೂ ವರ್ಷಕ್ಕೆ 16.25 ಲಕ್ಷ ರೂಪಾಯಿ ಸಂಬಳವಿರಬೇಕೆಂದು ನಿಯಮ ಮಾಡಿದ್ದಾರೆ. ತಮ್ಮ ನಾಡಿನ ಅಡುಗೆ ಮಾಡಲು ಬರುವ ಬಾಣಸಿಗರಿಗೆ ಅದರಿಂದ ವಿನಾಯ್ತಿ. ಬ್ರಿಟನ್ನಿನಲ್ಲಿ ಮಾತ್ರ 2025ರ ಬದಲಾವಣೆಯಲ್ಲಿ ಬಾಣಸಿಗರ ಕೆಲಸವೂ ಪಟ್ಟಿಯಿಂದ ಹೊರಬಿತ್ತು. ಸೌಟು ಹಿಡಿದವರ ಬೆಲೆ ನಮ್ಮವರಿಗೇ ಗೊತ್ತು ಅನ್ನಿ.

ಯಾರೇ ವಿದೇಶದ ಕೆಲಸ ಕೊಡಿಸುತ್ತೇನೆಂದು ಬಂದರೂ ಈ ನಾಲ್ಕು ಮಾತು ಕೇಳಿ:

1. ಕೆಲಸ ಕೊಡುವ ಕಂಪನಿಯ ಹೆಸರೇನು? ಪರವಾನಗಿ ಇರುವ ಕಂಪನಿಗಳ ಪಟ್ಟಿಯನ್ನು ಬ್ರಿಟನ್ ಸರ್ಕಾರ ತನ್ನ ವೆಬ್‌ಸೈಟಿನಲ್ಲಿ ಹಾಕಿದೆ. ಮಕ್ಕಳ ಕೈಲಿ ನೋಡಿಸಿ.

2. ಕಾಗದದಲ್ಲಿ ಮೂಲ ಸಂಬಳ ಎಷ್ಟು? ಗೆರೆಗಿಂತ ಕೆಳಗಿದ್ದರೆ ಅಲ್ಲಿಗೇ ಮಾತು ಮುಗಿಸಿ.

3. ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟಿಗೆ ದುಡ್ಡು ಕೇಳುತ್ತಾರೆಯೇ? ಆ ಖರ್ಚು ಧಣಿಯದು. 2024ರ ಡಿಸೆಂಬರ್ 31ರಿಂದ ಅದನ್ನು ಕೆಲಸಗಾರರ ತಲೆಗೆ ಕಟ್ಟುವ ಹಾಗಿಲ್ಲ.

4. ಕೊಟ್ಟ ಹಣಕ್ಕೆ ರಸೀದಿ ಕೊಡುತ್ತಾರೆಯೇ? "ನಂಬಿಕೆ ಮೇಲೆ ಕೊಡಿ" ಎಂದವರಿಗೆ ಒಂದು ಲೋಟ ಕಾಫಿ ಕೊಟ್ಟು ಕಳಿಸಿ, ಸಾಕು.

ಮನೆಯಲ್ಲಿ "ಹೆಂಗಸರಿಗೇನು ಗೊತ್ತು" ಅಂದಾರು. ಅಡವಿಗೆ ಹೋಗುವುದು ನಮ್ಮ ಬಳೆ, ನಮ್ಮ ಸರ. ಆದ್ದರಿಂದ ಕೇಳುವ ಹಕ್ಕೂ ನಮ್ಮದೇ. ಈ ಪುಟವನ್ನು ಯಜಮಾನರ ಮುಂದೆ ಇಡಿ ತಂಗೀ. ಏನಾಯಿತೆಂದು ಮರೆಯದೆ ಬರೆಯಿರಿ.