ಉದುರುವ ಹಲ್ಲಿಗೂ ಚಿಕಿತ್ಸೆ ಬೇಕೆ?

ಕಳೆದ ತಿಂಗಳು ಸೋಲೂರಿನ ಬಸ್ ನಿಲ್ದಾಣದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕಿದ. ಪಕ್ಕದಲ್ಲಿ ಅವನ ಐದು ವರ್ಷದ ಮಗ, ಕೆನ್ನೆಗೆ ಕೈ ಒತ್ತಿಕೊಂಡು ನಿಂತಿದ್ದ.

‘ರಾತ್ರಿಯೆಲ್ಲ ನಿದ್ದೆಯಿಲ್ಲ ಸಾರ್. ಹಲ್ಲಿನ ಬೇರು ಕ್ಲೀನ್ ಮಾಡಿ ಕ್ಯಾಪ್ ಹಾಕ್ಬೇಕು ಅಂತಾರೆ ಡಾಕ್ಟ್ರು. ಹೆಂಗಿದ್ರೂ ಉದುರೋಗೋ ಹಾಲುಹಲ್ಲು, ಕೀಳಿಸಿಬಿಟ್ರೆ ಆಗಲ್ವಾ?’

ನಾನೂ ಹೀಗೆಯೇ ಅಂದುಕೊಂಡವನು. ಮಕ್ಕಳಿಗೆ ವಿಜ್ಞಾನ ಪಾಠ ಹೇಳುವವನಾಗಿದ್ದೂ ನನ್ನ ಮಗಳ ಹುಳುಕು ದವಡೆಹಲ್ಲನ್ನು ಐದನೇ ವಯಸ್ಸಿಗೇ ಕೀಳಿಸಿದೆ. ಸಗಣಿ ಉಂಡೆಯಲ್ಲಿಟ್ಟು ಹೆಂಚಿನ ಮೇಲೆ ಎಸೆದದ್ದೂ ಆಯಿತು. ಹೊಸ ಹಲ್ಲು ಬಂದದ್ದು ಹನ್ನೆರಡನೇ ವಯಸ್ಸಿನಲ್ಲಿ, ಜಾಗವಿಲ್ಲದೆ ನಾಲಗೆಯ ಕಡೆಗೆ ಓರೆಯಾಗಿ. ತಂತಿ ಹಾಕಿಸಿ ಸರಿಮಾಡಲು ಎರಡು ವರ್ಷ ಹಿಡಿಯಿತು.

ನಾವು ತಪ್ಪುವುದು ಇಲ್ಲಿ: ಹಾಲುಹಲ್ಲು ಇಪ್ಪತ್ತೂ ಒಟ್ಟಿಗೆ ಉದುರುವುದಿಲ್ಲ. ಮುಂದಿನವು ಆರೇಳು ವರ್ಷಕ್ಕೆ ಹೋದರೆ, ದವಡೆಯ ಹಿಂದಿನ ಹಾಲುಹಲ್ಲಿಗೆ 10ರಿಂದ 12 ವರ್ಷದವರೆಗೂ ಕೆಲಸವಿದೆ. ಆರನೇ ವಯಸ್ಸಿನ ಹೊತ್ತಿಗೆ ಅದರ ಹಿಂದೆ, ಯಾವ ಹಲ್ಲೂ ಬೀಳದೆಯೇ, ಶಾಶ್ವತ ದವಡೆಹಲ್ಲು ಮೂಡುತ್ತದೆ. (ಇದನ್ನೂ ಹಾಲುಹಲ್ಲೆಂದು ತಿಳಿದು ಹುಳುಕಾಗಲು ಬಿಡುವವರುಂಟು!) ಮುಂದಿನ ಜಾಗ ಖಾಲಿಯಿದ್ದರೆ ಅದು ಮುಂದಕ್ಕೆ ಸರಿದು ಕೂರುತ್ತದೆ. ರೈಲಿನಲ್ಲಿ ಎದ್ದುಹೋದವನ ಸೀಟಿನ ಗತಿಯೇ ಇದಕ್ಕೂ.

ಹಾಲುಹಲ್ಲಿನ ಹೊರಕವಚ ತೆಳು, ಒಳಗೆ ನರ, ರಕ್ತನಾಳಗಳಿರುವ ತಿರುಳು ಹಲ್ಲಿನ ಗಾತ್ರಕ್ಕೆ ದೊಡ್ಡದು. ಹಾಗಾಗಿ ಹುಳುಕು ಬೇಗ ತಿರುಳು ಮುಟ್ಟುತ್ತದೆ. ಮೇಲಿನ ತಿರುಳು ಮಾತ್ರ ಕೆಟ್ಟಿದ್ದರೆ ಅಷ್ಟನ್ನೇ ತೆಗೆದು, ಬೇರಿನೊಳಗಿನದನ್ನು ಉಳಿಸಿ ಔಷಧ ಇಡುತ್ತಾರೆ. ಹಿಂದೆ ಇದಕ್ಕೆ ಹೆಚ್ಚಾಗಿ ಬಳಸುತ್ತಿದ್ದುದು ಫಾರ್ಮೋಕ್ರಿಸಾಲ್. ಅದರಲ್ಲಿರುವುದು, ನಮ್ಮ ಪ್ರಯೋಗಾಲಯದ ಸೀಸೆಯಲ್ಲಿ ಕಪ್ಪೆಯನ್ನು ಕೆಡದಂತೆ ಕಾಯುವ ಫಾರ್ಮಾಲ್ಡಿಹೈಡೇ. ಈಗ ಎಂಟಿಎ ಎಂಬ ಸಿಮೆಂಟಿನಂಥ ವಸ್ತುವಿಗೆ ಆದ್ಯತೆ.

ಬೇರಿನವರೆಗೂ ಕೆಟ್ಟಿದ್ದರೆ ಪೂರ್ತಿ ತಿರುಳು ತೆಗೆಯಬೇಕು. ದೊಡ್ಡವರ ಬೇರಿಗೆ ಕರಗದ, ರಬ್ಬರಿನಂಥ ಗಟಾಪರ್ಚಾ ತುಂಬುತ್ತಾರೆ. ಹಾಲುಹಲ್ಲಿಗೆ ಅದು ಸಲ್ಲದು, ಏಕೆಂದರೆ ಕೆಳಗಿನಿಂದ ಹೊಸ ಹಲ್ಲು ಏರಿದಂತೆ ಹಾಲುಹಲ್ಲಿನ ಬೇರು ಕರಗಬೇಕು, ತುಂಬಿದ್ದೂ ಕರಗಬೇಕು. ಅದಕ್ಕೇ ಸತುವಿನ ಆಕ್ಸೈಡನ್ನು ಯೂಜಿನಾಲ್‌ನಲ್ಲಿ ಕಲಸಿದ ಲೇಪವನ್ನೋ, ಅಯೊಡೋಫಾರ್ಮ್ ಸೇರಿದ ಲೇಪವನ್ನೋ ತುಂಬುವುದು. ಯೂಜಿನಾಲ್ ಬೇರೇನಲ್ಲ, ನಮ್ಮಜ್ಜಿ ಹಲ್ಲುನೋವಿಗೆ ಕಚ್ಚಲು ಕೊಡುತ್ತಿದ್ದ ಲವಂಗದ ಸಾರ.

ಎಲ್ಲ ಹಲ್ಲೂ ಉಳಿಯುತ್ತದೆಂದಲ್ಲ. ಸೋಂಕು ಮೂಳೆಗೆ ಹಬ್ಬಿದ್ದರೆ ಕೀಳಲೇಬೇಕಾಗಬಹುದು. ಆಗ ಜಾಗ ಕಾಯುವ ಪುಟ್ಟ ತಂತಿಯನ್ನಾದರೂ ಕೇಳಿ ಹಾಕಿಸಿ.

ನನ್ನ ವಿದ್ಯಾರ್ಥಿ ಖರ್ಚಿಗೆ ಅಂಜಿದ್ದ. ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನಲ್ಲಿ ಮಕ್ಕಳ ಹಲ್ಲಿಗೆಂದೇ ವಿಭಾಗವಿದೆ ಎಂದು ಹೇಳಿ ಬಸ್ ಹತ್ತಿಸಿದೆ. ಮೊನ್ನೆ ಹುಡುಗ ಎದುರಾದಾಗ ಬಾಯಿ ಅಗಲಿಸಿ ಬೆಳ್ಳಿಯಂತೆ ಹೊಳೆಯುವ ಸ್ಟೀಲ್ ಕ್ಯಾಪ್ ತೋರಿಸಿದ. ‘ಹಲ್ಲು ಬಿದ್ದಾಗ ಇದೂ ಬೀಳುತ್ತಾ ತಾತ?’ ಎಂದ. ಜೊತೆಗೇ ಬೀಳುತ್ತದೆ ಎಂದೆ. ಹಾಗಾದರೆ ಅದನ್ನು ಹೆಂಚಿನ ಮೇಲೆ ಎಸೆಯುವುದಿಲ್ಲವಂತೆ, ಇಟ್ಟುಕೊಳ್ಳುತ್ತಾನಂತೆ.